ಶನಿವಾರದ ಕೊನೆಯ ರೈಲು ರಾತ್ರಿ ಒಂದೂವರೆಗೆ ಹೊರಡಲಿ

ಬೆಂಗಳೂರು ಮೆಟ್ರೊ ರೈಲು ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ,
ಬಿಎಂಟಿಸಿಯ ವ್ಯವಸ್ಥಾಪಕ ನಿರ್ದೇಶಕರಿಗೆ,
ರಾಜ್ಯದ ಸಾರಿಗೆ ಸಚಿವರಿಗೆ

ಮಾನ್ಯರೇ,

ಪತ್ರಿಕೆಯ ಸಿನಿಮಾ ಪುಟವನ್ನೂ ನಗರ ಪುಟವನ್ನೂ ಜೊತೆಗಿಟ್ಟುಕೊಂಡು ಓದುವವಳು ನಾನು. ಒಂದರಲ್ಲಿ ಯಾವ ಚಿತ್ರ ಎಷ್ಟು ದಿನ ಓಡಿತು, ಯಾವುದನ್ನು ಎರಡನೇ ವಾರಕ್ಕೇ ಎತ್ತಿದರು ಎಂಬ ಸುದ್ದಿ. ಇನ್ನೊಂದರಲ್ಲಿ ಮೆಟ್ರೊ ದರ, ಬಸ್ಸಿನ ದರ, ಹೊಸ ಮಾರ್ಗ, ಹೊಸ ಪ್ರಾಧಿಕಾರ. ಈ ಎರಡು ಪುಟಗಳನ್ನು ಬೇರೆ ಬೇರೆ ವರದಿಗಾರರು ಬರೆಯುತ್ತಾರೆ, ಬೇರೆ ಬೇರೆ ಇಲಾಖೆಗಳು ಓದುತ್ತವೆ. ಆದರೆ ಕನ್ನಡ ಸಿನಿಮಾಕ್ಕೆ ಜನ ಬರುತ್ತಿಲ್ಲ ಎಂಬ ಸಿನಿಮಾ ಪುಟದ ದೂರಿಗೆ ಒಂದು ಕಾರಣ ನಗರ ಪುಟದಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸಿದೆ. ಅದನ್ನು ತಮ್ಮ ಮುಂದಿಡಲು ಈ ಪತ್ರ.

ನನ್ನ ಬೇಡಿಕೆ ಒಂದೇ. ಶನಿವಾರ ರಾತ್ರಿ ಮೆಜೆಸ್ಟಿಕ್‌ನಿಂದ ನಾಲ್ಕೂ ದಿಕ್ಕಿಗೆ ಹೊರಡುವ ಕೊನೆಯ ಮೆಟ್ರೊ ಒಂದೂವರೆಗೆ ಹೊರಡಲಿ. ಆ ರೈಲಿನಿಂದ ಇಳಿದವರನ್ನು ಮನೆಯ ಹತ್ತಿರಕ್ಕೆ ಮುಟ್ಟಿಸಲು ಕೆಲವು ನಿಲ್ದಾಣಗಳ ಹೊರಗೆ ಬಸ್ಸು ಕಾಯಲಿ. ಆರು ತಿಂಗಳು ನಡೆಸಿ ನೋಡಿ.

ಇದನ್ನು ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಟಿಕೆಟ್ ದರದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಸರ್ಕಾರ ಯೋಚಿಸಿದ್ದೂ ಅಲ್ಲಿಂದಲೇ. 2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳು ರಾಜ್ಯದ ಎಲ್ಲ ಚಿತ್ರಮಂದಿರಗಳಲ್ಲೂ, ಮಲ್ಟಿಪ್ಲೆಕ್ಸ್‌ಗಳೂ ಸೇರಿ, ಟಿಕೆಟ್ ದರ 200 ರೂಪಾಯಿ ಮೀರಬಾರದು ಎಂದು ಘೋಷಿಸಿದರು. ಸೆಪ್ಟೆಂಬರ್‌ನಲ್ಲಿ ಅಧಿಸೂಚನೆಯೂ ಬಂತು. ತೆರಿಗೆ ಬಿಟ್ಟು 200 ರೂಪಾಯಿ; 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರೀಮಿಯಂ ಪರದೆಗಳಿಗೆ ಮಾತ್ರ ವಿನಾಯಿತಿ. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. 2017ರಲ್ಲೂ ಇದೇ 200 ರೂಪಾಯಿಯ ಆದೇಶ ಹೊರಟು, ಅದೂ ನ್ಯಾಯಾಲಯದ ಮೆಟ್ಟಿಲೇರಿತ್ತು. ದರ ಇಳಿಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ನಾಲ್ಕು ಜನರ ಸಂಸಾರ ಒಂದು ಚಿತ್ರ ನೋಡಲು ಎರಡು ಸಾವಿರ ರೂಪಾಯಿ ಎತ್ತಿಡಬೇಕಾದ ಸ್ಥಿತಿ ಒಳ್ಳೆಯದಲ್ಲ. ಆದರೆ ಈ ಎಂಟು ವರ್ಷಗಳ ಚರ್ಚೆಯಲ್ಲಿ ಒಂದು ಲೆಕ್ಕವನ್ನು ಯಾರೂ ಹಾಕಲಿಲ್ಲ: ಚಿತ್ರ ಬಿಟ್ಟ ಮೇಲೆ ಮನೆಗೆ ಹೋಗುವ ಖರ್ಚಿನದು.

ಅದನ್ನು ಇಲ್ಲಿ ಹಾಕಿ ತೋರಿಸುತ್ತೇನೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೊ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಪ್ರತಿ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಅದರ ಒಂದೂವರೆ ಪಟ್ಟು. ಹದಿನಾಲ್ಕು ಕಿಲೋಮೀಟರ್ ದೂರದ ಮನೆಗೆ ಹಗಲಿನಲ್ಲಿ 252 ರೂಪಾಯಿ, ರಾತ್ರಿ 378. ಇದು ಮೀಟರಿನಂತೆ, ಒಂದು ರೂಪಾಯಿ ಹೆಚ್ಚಿಲ್ಲದೆ ಬಂದರೆ. ನಡುರಾತ್ರಿ ನಿದ್ದೆಗೆಟ್ಟು ದುಡಿಯುವ ಚಾಲಕನಿಗೆ ಆ ಒಂದೂವರೆ ಪಟ್ಟು ಸಿಗಬೇಕಾದದ್ದೇ; ಅದರ ಮೇಲೆ ನನ್ನ ತಕರಾರಿಲ್ಲ. ಅಷ್ಟೇ ದೂರಕ್ಕೆ ಮೆಟ್ರೊ ದರ, 2025ರ ಫೆಬ್ರುವರಿಯ ಏರಿಕೆಯ ನಂತರವೂ, 60 ರೂಪಾಯಿ. ಸರ್ಕಾರ ನ್ಯಾಯಾಲಯದಲ್ಲಿ ಹೋರಾಡಿ ಟಿಕೆಟ್ಟಿನಲ್ಲಿ ನೂರಿನ್ನೂರು ರೂಪಾಯಿ ಉಳಿಸಿಕೊಟ್ಟರೂ, ರೈಲಿಲ್ಲದ ಹೊತ್ತಿನಲ್ಲಿ ಪ್ರೇಕ್ಷಕ ಅದರ ಮೇಲೆ ಇನ್ನೂ ನೂರಿನ್ನೂರು ಸೇರಿಸಿ ರಸ್ತೆಯ ಮೇಲೆ ಕಳೆಯುತ್ತಾನೆ. ನ್ಯಾಯಾಲಯಕ್ಕೆ ಹೋಗದೆ, ಯಾವ ಮಾಲೀಕರ ವಿರೋಧವೂ ಇಲ್ಲದೆ, ಸಿನಿಮಾ ನೋಡುವ ಒಟ್ಟು ಖರ್ಚನ್ನು ತಗ್ಗಿಸುವ ಶಕ್ತಿ ತಮ್ಮ ವೇಳಾಪಟ್ಟಿಗಿದೆ.

ಖರ್ಚಿಗಿಂತ ದೊಡ್ಡದು ಇನ್ನೊಂದಿದೆ. ಹೆಸರಾಂತ ನಾಯಕರಿಲ್ಲದ ಕನ್ನಡ ಚಿತ್ರಗಳಿಗೆ ಮಲ್ಟಿಪ್ಲೆಕ್ಸ್‌ಗಳಲ್ಲಿ ಎಂಥ ಹೊತ್ತು ಸಿಗುತ್ತದೆ ಎಂಬುದನ್ನು ಗಾಂಧಿನಗರದ ನಿರ್ಮಾಪಕರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ. ಬೆಳಿಗ್ಗೆ ಒಂಬತ್ತರ ಆಟ, ಇಲ್ಲವೇ ರಾತ್ರಿ ಹತ್ತರ ಆಟ. ಸಂಜೆಯ ಹೊತ್ತು ಬೇರೆ ಭಾಷೆಯ ದೊಡ್ಡ ಚಿತ್ರಕ್ಕೆ ಹೋಗಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋಗುವವರು ಬರಲಾರರು. ರಾತ್ರಿ ಹತ್ತಕ್ಕೆ ಬರಬಲ್ಲರು, ಆದರೆ ಎರಡೂವರೆ ಗಂಟೆಯ ಚಿತ್ರ, ನಡುವೆ ವಿರಾಮ, ಮೊದಲಿಗೆ ಜಾಹೀರಾತು ಎಲ್ಲ ಸೇರಿ ಹೊರಬರುವಾಗ ಹನ್ನೆರಡೂ ಮುಕ್ಕಾಲು. ಆಗ ಮೆಜೆಸ್ಟಿಕ್‌ನ ಕೊನೆಯ ರೈಲು ಹೋಗಿ ಒಂದು ಗಂಟೆಯ ಮೇಲಾಗಿರುತ್ತದೆ. ಸ್ವಂತ ಗಾಡಿ ಇದ್ದವರು ಬರುತ್ತಾರೆ, ಇಲ್ಲದವರು ಉಳಿಯುತ್ತಾರೆ. ಸೋಮವಾರ ಲೆಕ್ಕ ನೋಡಿದಾಗ ಆಸನಗಳು ಖಾಲಿ. ಗುರುವಾರ ಚಿತ್ರ ಎತ್ತಂಗಡಿ. ‘ಕನ್ನಡದವರೇ ಕನ್ನಡ ಚಿತ್ರ ನೋಡುವುದಿಲ್ಲ’ ಎಂಬ ಮಾತು ಮತ್ತೆ ಪತ್ರಿಕೆಯಲ್ಲಿ.

ಆ ಮಾತು ಓದಿದಾಗಲೆಲ್ಲ ನನಗೆ ನೋವಾಗುತ್ತದೆ, ಏಕೆಂದರೆ ಅದು ಅರ್ಧ ಸತ್ಯವೂ ಅಲ್ಲ. ಜನರಿಗೆ ತಲುಪಿದ ಚಿತ್ರವನ್ನು ಜನ ಕೈಬಿಟ್ಟಿಲ್ಲ. 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’ ಅಬ್ಬರದ ಪ್ರಚಾರವಿಲ್ಲದೆ, ನೋಡಿದವರ ಬಾಯಿಮಾತಿನಿಂದಲೇ ಬೆಳೆದು ಪ್ರದರ್ಶನಗಳನ್ನು ಹೆಚ್ಚಿಸಿಕೊಂಡಿತು. ಬಾಯಿಮಾತು ಹರಡಲು ಮೊದಲ ಮೂರು ದಿನ ಸಾಕಷ್ಟು ಬಾಯಿಗಳು ಚಿತ್ರಮಂದಿರದೊಳಗೆ ಇರಬೇಕು. ಆ ಮೂರರಲ್ಲಿ ಶನಿವಾರ ರಾತ್ರಿಯ ಆಟಕ್ಕಾದರೂ ಕೆಂಗೇರಿಯಿಂದಲೂ ಮಾದಾವರದಿಂದಲೂ ವೈಟ್‌ಫೀಲ್ಡ್‌ನಿಂದಲೂ ಜನ ಧೈರ್ಯವಾಗಿ ಬರುವಂತಾದರೆ, ಮುಂದಿನ ಅಂಥ ಚಿತ್ರಕ್ಕೆ ಎರಡನೇ ವಾರ ಸಿಗುತ್ತದೆ.

ಕೆಂಪೇಗೌಡ ರಸ್ತೆಯ ಹಳೆಯ ದಿನಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಸಾಗರ್, ಕಪಾಲಿ, ತ್ರಿಭುವನ್, ಸಂತೋಷ್, ನರ್ತಕಿ, ತ್ರಿವೇಣಿ, ಅನುಪಮ: ಇಷ್ಟೊಂದು ಚಿತ್ರಮಂದಿರಗಳು ಒಂದೇ ರಸ್ತೆಯ ಆಸುಪಾಸಿನಲ್ಲಿ ಏಳಲು ಕಾರಣ ಪಕ್ಕದಲ್ಲಿದ್ದ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣ. ಸೆಕೆಂಡ್ ಶೋ ಬಿಟ್ಟ ಮೇಲೆ ನಡೆದು ಹೋಗಿ ನೈಟ್ ಸರ್ವಿಸ್ ಬಸ್ ಹಿಡಿಯಬಹುದಿತ್ತು. ಊರಿನಿಂದ ಬಂದವರು ಸಿನಿಮಾ ನೋಡಿಕೊಂಡೇ ರಾತ್ರಿ ಬಸ್ಸಿಗೆ ಹತ್ತುತ್ತಿದ್ದರು. ಸಾರಿಗೆಯ ಮಡಿಲಲ್ಲಿ ಬೆಳೆದ ಸಿನಿಮಾ ಅದು. ಈಗ ಕಪಾಲಿ ಇಲ್ಲ. 1974ರಿಂದ ಸ್ಯಾಂಕಿ ರಸ್ತೆಯಲ್ಲಿದ್ದ ಕಾವೇರಿ 2024ರಲ್ಲಿ ಬಾಗಿಲು ಮುಚ್ಚಿತು. ಎಂ.ಜಿ. ರಸ್ತೆಯ ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೊ ನಿಲ್ದಾಣವೇ ನಿಂತಿದೆ. ಅದರ ಬಗ್ಗೆ ಕಣ್ಣೀರು ಹಾಕುವುದಕ್ಕಲ್ಲ ಇದನ್ನು ಹೇಳುತ್ತಿರುವುದು. ಚಿತ್ರಮಂದಿರಗಳು ನಗರದ ಅಂಚಿನ ಮಾಲ್‌ಗಳಿಗೆ ಹಂಚಿಹೋದವು, ಆದರೆ ರಾತ್ರಿಯ ಸಾರಿಗೆ ಅವುಗಳ ಹಿಂದೆ ಹೋಗಲಿಲ್ಲ. ಕೊಂಡಿ ಕಳಚಿದ್ದು ಅಲ್ಲಿ.

ಇನ್ನು ರಂಗಭೂಮಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ತಮ್ಮ ಕಚೇರಿಯ ಯಾವ ಪ್ರಯಾಣಿಕರ ಸಮೀಕ್ಷೆಯೂ ಈ ಜನರನ್ನು ಎಣಿಸಿರಲಾರದು.

ಬೆಂಗಳೂರಿನಲ್ಲಿ ಕನ್ನಡ ನಾಟಕ ಬದುಕಿರುವುದು ಹವ್ಯಾಸಿ ತಂಡಗಳಿಂದ. ಬ್ಯಾಂಕು, ಶಾಲೆ, ಐಟಿ ಕಂಪನಿ, ಸರ್ಕಾರಿ ಕಚೇರಿಗಳಲ್ಲಿ ದಿನವಿಡೀ ದುಡಿದು, ಸಂಜೆ ಏಳಕ್ಕೆ ತಾಲೀಮಿಗೆ ಸೇರುವವರು. ಒಂದು ನಾಟಕಕ್ಕೆ ಎರಡು ತಿಂಗಳ ತಾಲೀಮು ಎಂದಿಟ್ಟುಕೊಳ್ಳಿ. ಒಂಬತ್ತೂವರೆಗೆ ಮುಗಿಯಬೇಕಾದದ್ದು, ರಂಗಕ್ಕೆ ಬರುವ ವಾರ ಹತ್ತೂವರೆಗೂ ಮುಗಿಯುವುದಿಲ್ಲ. ಪ್ರದರ್ಶನದ ದಿನ ಇನ್ನೂ ತಡ. ಪ್ರೇಕ್ಷಕರು ಎದ್ದು ಹೋದ ಮೇಲೆ ಬಣ್ಣ ತೆಗೆಯಬೇಕು, ವಸ್ತ್ರ ಮಡಿಸಬೇಕು, ರಂಗಸಜ್ಜಿಕೆ ಕಳಚಬೇಕು, ಬಾಡಿಗೆ ದೀಪಗಳನ್ನು ಲೆಕ್ಕ ಮಾಡಿ ಒಪ್ಪಿಸಬೇಕು, ಎಲ್ಲವನ್ನೂ ಟೆಂಪೊಗೆ ತುಂಬಬೇಕು. ಹನ್ನೊಂದೂವರೆ ದಾಟುತ್ತದೆ. ಟಿಕೆಟ್ಟಿನಿಂದ ಬಂದ ಹಣ ಸಭಾಂಗಣದ ಬಾಡಿಗೆಗೂ ದೀಪಕ್ಕೂ ಹೋಗಿ, ನಟರನ್ನು ಮನೆಗೆ ಬಿಡಲು ಏನೂ ಉಳಿದಿರುವುದಿಲ್ಲ.

ಇದರ ಏಟು ಮೊದಲು ಬೀಳುವುದು ಹೆಣ್ಣುಮಕ್ಕಳ ಮೇಲೆ. ಒಳ್ಳೆಯ ಕಂಠ, ಒಳ್ಳೆಯ ಅಭಿನಯ ಇರುವ ಹುಡುಗಿಯರು ಒಂದೆರಡು ನಾಟಕ ಮಾಡಿ ನಿಲ್ಲಿಸಿಬಿಡುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆಸಕ್ತಿ ತೀರಿದ್ದರಿಂದಲ್ಲ. ‘ರಾತ್ರಿ ಹೆಂಗೆ ಬರ್ತೀಯ?’ ಎಂದು ಮನೆಯಲ್ಲಿ ಕೇಳುವ ಪ್ರಶ್ನೆಗೆ ದಿನವೂ ಉತ್ತರ ಕೊಟ್ಟು ಸುಸ್ತಾಗಿ. ನಿರ್ದೇಶಕರು ಸ್ತ್ರೀಪಾತ್ರ ಕಡಿಮೆ ಇರುವ ನಾಟಕ ಹುಡುಕುತ್ತಾರೆ, ಇಲ್ಲವೇ ಸ್ವಂತ ಸ್ಕೂಟರ್ ಇರುವವರಿಗೆ ಪಾತ್ರ ಕೊಡುತ್ತಾರೆ. ಪ್ರತಿಭೆಯನ್ನು ಹೀಗೆ ಗಾಡಿ ನೋಡಿ ಆರಿಸುವ ಸ್ಥಿತಿ ನನಗೆ ಒಪ್ಪಿತವಲ್ಲ, ತಮಗೂ ಒಪ್ಪಿತವಾಗಲಾರದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಈ ಹುಡುಗಿಯರು ತಾಲೀಮಿಗೆ ಬರುವುದು ಸುಲಭವಾಯಿತು. ಅದು ನಿಜವಾದ ಉಪಕಾರ, ಅನೇಕ ತಾಯಂದಿರು ಮಗಳ ನಾಟಕ ನೋಡಲು ಮೊದಲ ಬಾರಿ ಒಬ್ಬರೇ ಬಂದದ್ದೂ ಅದರಿಂದಲೇ. ಬರುವ ದಾರಿ ತೆರೆದ ಸರ್ಕಾರ, ಹೋಗುವ ದಾರಿಯನ್ನೂ ತೆರೆಯಬೇಕು.

ಪ್ರೇಕ್ಷಕರ ಕಡೆಯೂ ಇದೇ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಏಳೂವರೆಗೆ ಸರಿಯಾಗಿ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಆ ಶಿಸ್ತಿಗೆ ಊರು ಒಗ್ಗಿಕೊಂಡಿದೆ. ಆದರೆ ಕೊನೆಯ ದೃಶ್ಯಕ್ಕೆ ಮುಂಚೆಯೇ ಹಿಂದಿನ ಸಾಲುಗಳಲ್ಲಿ ಕೈಗಡಿಯಾರ ನೋಡುವ ಚಡಪಡಿಕೆ ಶುರುವಾಗುತ್ತದೆ. ರವೀಂದ್ರ ಕಲಾಕ್ಷೇತ್ರದಲ್ಲೂ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೂ ಹಾಗೆಯೇ. ರೈಲು ಸಿಕ್ಕರೂ ಇಳಿದ ನಿಲ್ದಾಣದಿಂದ ಮುಂದೆ ಫೀಡರ್ ಬಸ್ಸು ಇರುವುದಿಲ್ಲವಲ್ಲ ಎಂಬ ಲೆಕ್ಕಾಚಾರ ಅದು. ಎರಡೂವರೆ ಗಂಟೆಯ ನಾಟಕವನ್ನು ಒಂದೂವರೆ ಗಂಟೆಗೆ ಇಳಿಸಿ, ವಿರಾಮವನ್ನೇ ತೆಗೆದು ಆಡುವ ತಂಡಗಳು ಹೆಚ್ಚಾಗಿವೆ. ಅದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ದೃಶ್ಯ ಕತ್ತರಿಸುವಾಗ ‘ಒಂಬತ್ತೂಕಾಲಿಗೆ ಬಿಟ್ಟರೆ ಜನಕ್ಕೆ ಅನುಕೂಲ’ ಎಂಬ ಮಾತು ತಾಲೀಮಿನ ಕೋಣೆಯಲ್ಲಿ ಬಂದೇ ಬರುತ್ತದೆ. ನಗರದ ಕೊನೆಯ ಬಸ್ಸು ನಾಟಕದ ಅಂಕಗಳನ್ನು ತೀರ್ಮಾನಿಸಬಾರದು.

ರಂಗಶಂಕರದ ಹೆಸರು ಬಂದಾಗ ಒಂದು ಮಾತು. 2004ರಲ್ಲಿ ತೆರೆದ ಆ ರಂಗಮಂದಿರ ಶಂಕರ್ ನಾಗ್ ಅವರ ನೆನಪಿನದು. ಎಂಬತ್ತರ ದಶಕದಲ್ಲೇ ಬೆಂಗಳೂರಿಗೆ ಮೆಟ್ರೊ ಬೇಕೆಂದು ಕನಸು ಕಂಡವರು ಅವರು. ಅವರು ತೀರಿಕೊಂಡದ್ದು 1990ರಲ್ಲಿ, ನಮ್ಮ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು. ಊರಿನ ಆಟೊಗಳ ಹಿಂದೆ ಇಂದಿಗೂ ಅವರ ಚಿತ್ರವಿದೆ. ನಾಟಕ, ಸಿನಿಮಾ, ಆಟೊ, ರೈಲು ಎಲ್ಲವನ್ನೂ ಒಂದೇ ಊರಿನ ಒಂದೇ ಬದುಕಾಗಿ ನೋಡಿದ ಮನುಷ್ಯ ಅವರು. ತಮ್ಮ ನಿಗಮವೂ ಹಾಗೆ ನೋಡಬೇಕೆಂದು ಕೇಳಲು ನನಗೆ ಸಂಕೋಚವಿಲ್ಲ.

ರಾತ್ರಿ ಎಚ್ಚರವಾಗಿರುವುದು ಬೆಂಗಳೂರಿಗೆ ಹೊರಗಿನಿಂದ ಬಂದ ಹೊಸ ಚಾಳಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ಪೇಟೆ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವಾಗ ಬೆಳಗಾಗಿರುತ್ತದೆ. ಇಡೀ ಪೇಟೆ ಮಲಗುವುದಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸುತ್ತಿರುವ ರಾಮನವಮಿ ಸಂಗೀತೋತ್ಸವಕ್ಕೆ ನಮ್ಮ ಹಿರಿಯರು ತಡರಾತ್ರಿಯವರೆಗೆ ಕೂತು ಕೇಳಿದ್ದಾರೆ. ಮಳೆಗಾಲದಲ್ಲಿ ಕರಾವಳಿಯ ಕಲಾವಿದರು ಇಲ್ಲಿಗೆ ಬಂದು ಕಲಾಕ್ಷೇತ್ರದಲ್ಲಿ ರಾತ್ರಿಯಿಡೀ ಯಕ್ಷಗಾನ ಆಡುತ್ತಾರೆ. ಕುಂದಾಪುರ, ಹೊನ್ನಾವರ ಕಡೆಯ ಹೋಟೆಲ್ ಕೆಲಸಗಾರರು ಕೆಲಸ ಮುಗಿಸಿ ಬಂದು, ಭಾಗವತರ ಮಂಗಳದವರೆಗೆ ಕೂತು, ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಾರೆ. ಅವರಿಗೆ ರಾತ್ರಿಯಿಡೀ ಆಟ ಎಂಬುದೇ ಪರಿಹಾರ, ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿ ಪ್ರಸಂಗಕ್ಕೆ ಹೋದರೆ ಹಿಂದಿರುಗಲು ಏನೂ ಇರುವುದಿಲ್ಲ.

ಹೋಟೆಲ್ ಎಂದಾಗ ಸರ್ಕಾರದ್ದೇ ಇನ್ನೊಂದು ಆದೇಶ ನೆನಪಿಸಬೇಕು. 2024ರಲ್ಲಿ ಬೆಂಗಳೂರಿನ ಹೋಟೆಲ್, ಬಾರ್, ಅಂಗಡಿಗಳು ರಾತ್ರಿ ಒಂದರವರೆಗೆ ತೆರೆದಿರಬಹುದು ಎಂದು ಸರ್ಕಾರ ಅನುಮತಿ ಕೊಟ್ಟಿತು. ವ್ಯಾಪಾರಕ್ಕೆ, ತೆರಿಗೆಗೆ ಅದರಿಂದ ಒಳ್ಳೆಯದಾಗಿರಬಹುದು. ಆದರೆ ಒಂದಕ್ಕೆ ಬಾಗಿಲು ಹಾಕುವ ಹೋಟೆಲಿನ ಸಪ್ಲೈಯರ್, ಕ್ಲೀನರ್, ಅಡುಗೆಯವರು ಹೊರಬರುವುದು ಒಂದೂಕಾಲಿಗೆ. ಮಲ್ಟಿಪ್ಲೆಕ್ಸ್‌ನ ಟಿಕೆಟ್ ಹರಿಯುವ ಹುಡುಗ, ಪಾಪ್‌ಕಾರ್ನ್ ಕೌಂಟರಿನ ಹುಡುಗಿ, ಕಸ ಗುಡಿಸುವ ಅಮ್ಮ, ಪಾರ್ಕಿಂಗಿನ ಕಾವಲುಗಾರ ಎಲ್ಲರದೂ ಅದೇ ಹೊತ್ತು. ಅಂಗಡಿಯ ಗಂಟೆ ಒಂದು ಇಲಾಖೆ ಬದಲಿಸಿತು, ರೈಲಿನ ಗಂಟೆ ಬದಲಿಸುವುದನ್ನು ಇನ್ನೊಂದು ಇಲಾಖೆಗೆ ಹೇಳಲಿಲ್ಲ. ದಿನಗೂಲಿಯಲ್ಲಿ 378 ರೂಪಾಯಿ ಆಟೊಗೆ ಕೊಡಲಾರದ ಇವರು ಕೆಲಸದ ಜಾಗದಲ್ಲೇ ಬೆಂಚಿನ ಮೇಲೆ ಮಲಗುತ್ತಾರೆ. ನಾನು ಕೇಳುತ್ತಿರುವ ರೈಲಿಗೆ ಹತ್ತುವವರಲ್ಲಿ ಸಿನಿಮಾ ನೋಡಿದವರಿಗಿಂತ ತೋರಿಸಿದವರೇ ಹೆಚ್ಚಿರಬಹುದು, ಅವರಿಗಾಗಿಯಾದರೂ ಅದು ಓಡಬೇಕು.

ಈಗ ತಾವು ಹೇಳಬಹುದಾದ ಅಡಚಣೆಗಳಿಗೆ ಬರುತ್ತೇನೆ. ಅವುಗಳಲ್ಲಿ ಮೊದಲನೆಯದು ನಿರ್ವಹಣೆ, ಮತ್ತು ಅದು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ನಮ್ಮ ಮೆಟ್ರೊ ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್ ಪಡೆದು ಓಡುತ್ತದೆ. ಆ ವಿದ್ಯುತ್ ಕಡಿದ ಮೇಲಷ್ಟೇ ಸಿಬ್ಬಂದಿ ಹಳಿಗೆ ಇಳಿಯಲು ಸಾಧ್ಯ. ಹಳಿ ಪರೀಕ್ಷೆ, ಸಿಗ್ನಲ್ ದುರಸ್ತಿ, ಸುರಂಗದ ಪಂಪುಗಳ ತಪಾಸಣೆ ಎಲ್ಲವೂ ರೈಲು ನಿಂತ ಆ ಕೆಲವೇ ಗಂಟೆಗಳಲ್ಲಿ ಆಗಬೇಕು. ನಮ್ಮ ಜೀವ ಆ ಕೆಲಸಗಾರರ ಕೈಯಲ್ಲಿದೆ, ಅವರ ಸಮಯ ಕಸಿಯಬೇಕೆಂದು ನಾನು ಕೇಳಲಾರೆ.

ಅದಕ್ಕಾಗಿಯೇ ಶನಿವಾರ ಎಂದೆ. ವಾರದ ದಿನಗಳಲ್ಲಿ ಮೆಜೆಸ್ಟಿಕ್‌ನ ಕೊನೆಯ ರೈಲು ಹನ್ನೊಂದೂವರೆಯ ಆಸುಪಾಸಿಗೆ ಹೊರಟು, ಮೊದಲ ರೈಲು, ಸೋಮವಾರ ಬಿಟ್ಟರೆ, ಬೆಳಿಗ್ಗೆ ಐದಕ್ಕೆ ಬರುತ್ತದೆ. ನಡುವೆ ಐದೂವರೆ ಗಂಟೆ. ಭಾನುವಾರ ರೈಲು ಶುರುವಾಗುವುದೇ ಬೆಳಿಗ್ಗೆ ಏಳಕ್ಕೆ. ಶನಿವಾರ ರಾತ್ರಿ ಕೊನೆಯ ರೈಲು ಒಂದೂವರೆಗೆ ಹೊರಟರೂ ಏಳರವರೆಗೆ ಐದೂವರೆ ಗಂಟೆ ಉಳಿಯುತ್ತದೆ. ವಾರದ ಉಳಿದ ರಾತ್ರಿಗಳಲ್ಲಿ ಎಷ್ಟು ಹೊತ್ತು ಸಾಕಾಗುತ್ತದೋ ಅಷ್ಟೇ ಹೊತ್ತು. ಭಾನುವಾರ ಬೆಳಗಿನ ಆ ಎರಡು ಗಂಟೆ ದೊಡ್ಡ ದುರಸ್ತಿಗೆ ಬೇಕಾಗುವ ವಾರಗಳಿದ್ದರೆ, ಆ ವಾರ ತಡರಾತ್ರಿ ರೈಲಿಲ್ಲ ಎಂದು ಮುಂಚಿತವಾಗಿ ತಿಳಿಸಿದರೆ ಸಾಕು. ಚಿತ್ರ ಬಿಡುಗಡೆಯಾಗುವುದು ಶುಕ್ರವಾರ, ಹಾಗಾಗಿ ಆ ರಾತ್ರಿಯೂ ಬೇಕೆಂಬ ಆಸೆ ನನಗಿದೆ. ಆದರೆ ಶನಿವಾರ ಬೆಳಿಗ್ಗೆ ಐದಕ್ಕೇ ರೈಲು ಹೊರಡಬೇಕಾದ್ದರಿಂದ ಅದನ್ನು ಈಗ ಕೇಳುವುದಿಲ್ಲ.

ವೇಳೆ ಬದಲಿಸುವುದು ನಿಗಮಕ್ಕೆ ಹೊಸತೂ ಅಲ್ಲ. ಊರಿಗೆ ಹೋಗಿ ಸೋಮವಾರ ಬೆಳಗಿನ ಜಾವ ಬಂದಿಳಿಯುವವರಿಗಾಗಿ 2025ರ ಜನವರಿ 13ರಿಂದ ಸೋಮವಾರಗಳಂದು ಮೊದಲ ರೈಲನ್ನು 4.15ಕ್ಕೆ ಓಡಿಸಿದಿರಿ. ಮೈಸೂರು, ಹುಬ್ಬಳ್ಳಿ, ಕಲಬುರಗಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬರುವ ಸಾವಿರಾರು ಜನರ ಕಷ್ಟ ಯಾರೋ ಒಬ್ಬ ಅಧಿಕಾರಿಯ ಮನಸ್ಸಿಗೆ ತಟ್ಟಿದ್ದರಿಂದ ಆದ ಕೆಲಸ ಅದು. ಆ ಅಧಿಕಾರಿಗೆ ನಾನು ಕೃತಜ್ಞಳು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯಗಳಿದ್ದ ರಾತ್ರಿಗಳಲ್ಲಿ ಮಧ್ಯರಾತ್ರಿ ದಾಟಿಯೂ ರೈಲು ಓಡಿದೆ. 50 ರೂಪಾಯಿಯ ವಾಪಸು ಟಿಕೆಟ್ಟನ್ನು ಮುಂಚೆಯೇ ಮಾರಿ ನೂಕುನುಗ್ಗಲು ತಪ್ಪಿಸಿದ್ದೀರಿ. ಡಿಸೆಂಬರ್ 31ರ ರಾತ್ರಿ ಎರಡು ಗಂಟೆ ದಾಟುವವರೆಗೆ ಓಡಿಸಿದ್ದೀರಿ. ಚಾಲಕರ ಪಾಳಿ, ಭದ್ರತೆ, ಮೆಜೆಸ್ಟಿಕ್‌ನಲ್ಲಿ ನಾಲ್ಕೂ ದಿಕ್ಕಿನ ರೈಲುಗಳನ್ನು ಒಟ್ಟಿಗೆ ನಿಲ್ಲಿಸಿ ಬಿಡುವ ವ್ಯವಸ್ಥೆ, ಎಲ್ಲ ಗೊತ್ತಿರುವ ಕೆಲಸವೇ. ಕ್ರಿಕೆಟ್ಟಿಗೆ ಮಾಡಿದ್ದನ್ನು ನಾಟಕಕ್ಕೆ, ಸಿನಿಮಾಕ್ಕೆ, ಸಂಗೀತಕ್ಕೆ, ದುಡಿದು ಮನೆಗೆ ಹೋಗುವವರಿಗೆ ಮಾಡಿ ಎಂದಷ್ಟೇ ಕೇಳುತ್ತಿದ್ದೇನೆ.

ಮುಂಬಯಿಯ ಲೋಕಲ್ ರೈಲು ಮಧ್ಯರಾತ್ರಿಯ ನಂತರವೂ ಓಡುತ್ತದೆ, ಅಲ್ಲಿನ ಮರಾಠಿ ನಾಟಕ ಮಂದಿರಗಳಿಗೆ ದೂರದ ಉಪನಗರಗಳ ಪ್ರೇಕ್ಷಕರು ಬರಲು ಅದೊಂದು ದೊಡ್ಡ ಆಸರೆ. ಲಂಡನ್ನಿನಲ್ಲಿ 2016ರಿಂದ ಕೆಲವು ಮಾರ್ಗಗಳಲ್ಲಿ ಶುಕ್ರವಾರ, ಶನಿವಾರ ರಾತ್ರಿಯಿಡೀ ರೈಲಿದೆ. ಅಷ್ಟು ದೂರ ಹೋಗಬೇಕೆಂದೇನಿಲ್ಲ. 2025ರಲ್ಲೇ 96 ಕಿಲೋಮೀಟರಿಗೆ ಬೆಳೆದ ನಮ್ಮ ಜಾಲದಲ್ಲಿ ನೇರಳೆ ಮತ್ತು ಹಸಿರು ಮಾರ್ಗಗಳಿಂದ ಮೊದಲುಮಾಡಿ. ಹನ್ನೊಂದೂವರೆಯ ನಂತರ ಅರ್ಧ ಗಂಟೆಗೊಂದು ರೈಲು, ಅಂದರೆ ಪ್ರತಿ ದಿಕ್ಕಿಗೆ ಹೆಚ್ಚುವರಿಯಾಗಿ ನಾಲ್ಕೇ ರೈಲು. ಕರಗದ ರಾತ್ರಿ ಮಾತ್ರ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ನಿಲ್ದಾಣಗಳನ್ನು ಬೆಳಗಿನವರೆಗೆ ತೆರೆದಿಡಲು ಸಾಧ್ಯವೇ ನೋಡಿ.

ಖರ್ಚಿನ ವಿಷಯದಲ್ಲಿ ಪ್ರೇಕ್ಷಕರು ಪುಕ್ಕಟೆ ಕೇಳುತ್ತಿಲ್ಲ. ಪಂದ್ಯದ ರಾತ್ರಿಯಂತೆ ತಡರಾತ್ರಿಗೆ ಒಂದೇ ದರದ ಟಿಕೆಟ್ ಇಡಿ. ದೂರ ಎಷ್ಟೇ ಇರಲಿ, ಆಟೊಗೆ ಹೋಲಿಸಿದರೆ ಅದು ಕಡಿಮೆಯೇ. ಅದರಲ್ಲೂ ಸಾಲದೆ ಬಂದದ್ದನ್ನು ಪ್ರಯೋಗದ ಆರು ತಿಂಗಳು ರಾಜ್ಯ ಸರ್ಕಾರ ಭರಿಸಲಿ. ಕನ್ನಡ ಚಿತ್ರರಂಗಕ್ಕೆ ಸಹಾಯಧನ, ಪ್ರಶಸ್ತಿ, ಮೈಸೂರಿನಲ್ಲಿ ಚಿತ್ರನಗರಿ ಎಂದು ಖರ್ಚು ಮಾಡುವ ಸರ್ಕಾರಕ್ಕೆ, ಪ್ರೇಕ್ಷಕನನ್ನು ಮನೆಗೆ ಮುಟ್ಟಿಸುವುದೂ ಚಿತ್ರರಂಗಕ್ಕೆ ಕೊಡುವ ಬೆಂಬಲವೇ ಎಂದು ಮನವರಿಕೆ ಮಾಡಿಕೊಡುವುದು ಸಾರಿಗೆ ಸಚಿವರ ಕೆಲಸ. 2025ರ ಮಾರ್ಚ್‌ನಲ್ಲಿ ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯಿತು. ಎದುರಿಗೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣ. ಸರ್ಕಾರದ್ದೇ ಉತ್ಸವ, ಸರ್ಕಾರದ್ದೇ ರೈಲು. ಉತ್ಸವದ ದಿನಗಳಲ್ಲಾದರೂ ಎರಡರ ವೇಳೆಯನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಬಹುದು.

ಬಿಎಂಟಿಸಿಯ ನಿರ್ದೇಶಕರಲ್ಲಿ ವಿಶೇಷ ವಿನಂತಿ. ರೈಲು ಒಂದೂವರೆಗೆ ಹೊರಟು ಎರಡಕ್ಕೆ ಕೆಂಗೇರಿ ಬಸ್ ಟರ್ಮಿನಲ್ ತಲುಪಿದರೆ, ಅಲ್ಲಿಂದ ಮನೆಗೆ ಇನ್ನೂ ಮೂರು ಕಿಲೋಮೀಟರ್ ಇರುವವರು ಕತ್ತಲೆಯಲ್ಲಿ ನಿಲ್ಲುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳು ಇರುವವರೆಗೆ ಆ ರೈಲು ಅರ್ಧ ಸೇವೆಯಷ್ಟೇ. ಕೆಂಗೇರಿ, ವಿಜಯನಗರ, ಬನಶಂಕರಿ, ಯಲಚೇನಹಳ್ಳಿ, ಯಶವಂತಪುರ, ನಾಗಸಂದ್ರ, ಬೈಯಪ್ಪನಹಳ್ಳಿ, ವೈಟ್‌ಫೀಲ್ಡ್: ಇಷ್ಟು ನಿಲ್ದಾಣಗಳ ಹೊರಗೆ ಒಂದೊಂದು ಬಸ್ಸು ಸಾಕು. ಆದರೆ ಅದು ಗಡಿಯಾರ ನೋಡಿ ಹೊರಡಬಾರದು. ರೈಲು ಹತ್ತು ನಿಮಿಷ ತಡವಾದರೆ ಬಸ್ಸೂ ಹತ್ತು ನಿಮಿಷ ಕಾಯಬೇಕು, ಕೊನೆಯ ಪ್ರಯಾಣಿಕ ಮೆಟ್ಟಿಲಿಳಿದ ಮೇಲೆ ಹೊರಡಬೇಕು. ಅದಕ್ಕೆ ಸ್ಟೇಷನ್ ಕಂಟ್ರೋಲರ್ ಮತ್ತು ಬಸ್ಸಿನ ಕಂಡಕ್ಟರ್ ನಡುವೆ ಒಂದು ಫೋನ್ ಕರೆ ಸಾಕಾಗುತ್ತದೆ. ಬಸ್ಸಿರದ ಕಡೆ ಪ್ರೀಪೇಯ್ಡ್ ಆಟೊ ಕೌಂಟರ್ ಇರಲಿ, ನಿಲ್ದಾಣದ ಹೊರಗಿನ ದೀಪಗಳು ಉರಿಯುತ್ತಿರಲಿ, ಪ್ರಯಾಣಿಕರೆಲ್ಲ ಹೋಗುವವರೆಗೆ ಒಬ್ಬ ಪೊಲೀಸ್ ಸಿಬ್ಬಂದಿ ಇರಲಿ. ರೈಲು ಓಡಿಸುವವರು, ಟಿಕೆಟ್ ಕೊಡುವವರು, ನಿಲ್ದಾಣ ಗುಡಿಸುವವರು ಎರಡು ಗಂಟೆಗೆ ಮನೆಗೆ ಹೋಗುವ ವ್ಯವಸ್ಥೆಯನ್ನೂ ಇದರ ಜೊತೆಗೇ ಮಾಡಬೇಕು. ಅವರಲ್ಲಿ ಅನೇಕರು ಹೊರಗುತ್ತಿಗೆಯವರು, ಕೇಳುವ ದನಿ ಅವರಿಗೆ ಕಡಿಮೆ. ಅವರನ್ನು ಬೆಂಚಿನ ಮೇಲೆ ಮಲಗಿಸಿ ನನಗೆ ರೈಲು ಬೇಡ.

ಕೊನೆಯದಾಗಿ, ಪ್ರಯೋಗವನ್ನು ಅವಸರದಲ್ಲಿ ಅಳೆಯಬೇಡಿ. ಮೊದಲ ಮೂರು ವಾರ ಬೋಗಿಗಳು ಖಾಲಿ ಇರಬಹುದು. ಇಷ್ಟು ವರ್ಷ ರಾತ್ರಿಯ ಆಟವನ್ನು ಬಿಟ್ಟುಕೊಟ್ಟಿರುವ ಜನ ಒಂದೇ ವಾರಕ್ಕೆ ಮರಳುವುದಿಲ್ಲ. ರೈಲು ಇದ್ದೇ ಇರುತ್ತದೆ ಎಂಬ ನಂಬಿಕೆ ಬಂದ ಮೇಲೆ ತಂಡಗಳು ತಾಲೀಮಿನ ವೇಳೆ ಬದಲಿಸುತ್ತವೆ, ಮನೆಗಳಲ್ಲಿ ಅಪ್ಪ ಅಮ್ಮ ಒಪ್ಪುತ್ತಾರೆ, ಪ್ರದರ್ಶಕರು ರಾತ್ರಿಯ ಆಟಕ್ಕೆ ಒಳ್ಳೆಯ ಚಿತ್ರ ಹಾಕುತ್ತಾರೆ. ಪ್ರತಿ ತಿಂಗಳು ಯಾವ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು, ಇಳಿದರು ಎಂಬ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಿ. ಆರು ತಿಂಗಳ ನಂತರವೂ ಜನ ಬರದಿದ್ದರೆ ನಿಲ್ಲಿಸಿ, ನಾನು ಮತ್ತೆ ಕೇಳುವುದಿಲ್ಲ.

ಆರಂಭಿಸುವ ಶನಿವಾರ ಯಾವುದೆಂದು ಒಂದು ತಿಂಗಳು ಮುಂಚೆ ತಿಳಿಸಿ. ಸಭಾಂಗಣಗಳ ಬುಕಿಂಗ್ ಮತ್ತು ಚಿತ್ರಮಂದಿರಗಳ ವೇಳೆ ಹೊಂದಿಸಿಕೊಳ್ಳಲು ಅಷ್ಟು ಸಮಯ ಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕೆಂಗೇರಿ ಉಪನಗರದ ಒಬ್ಬ ಪ್ರೇಕ್ಷಕಿ